ಕಡ್ಡಿ ಮುಂದೆ ಕೂರಬಾರದು

ನಿಮ್ಮ ಸೀರೆಯನ್ನೋ ಪಂಚೆಯನ್ನೋ ಪ್ಯಾಂಟನ್ನೋ ಮೊಣಕಾಲಿನವರೆಗೆ ಒಂದು ಸಲ ಎತ್ತಿ ತೋರಿಸಿ ಎಂದು ನಾನು ಕೇಳಿದರೆ ತೋರಿಸುತ್ತೀರಾ, ಇಲ್ಲ ಈ ಮುದುಕಿಗೆ ತಲೆ ಕೆಟ್ಟಿದೆ ಎಂದು ಎದ್ದು ಹೋಗುತ್ತೀರಾ?

ತೋರಿಸದಿದ್ದರೂ ಪರವಾಗಿಲ್ಲ. ಯಾರೂ ಇಲ್ಲದಾಗ ನೀವೇ ಬಗ್ಗಿ ನೋಡಿಕೊಳ್ಳಿ. ಮೀನಖಂಡದ ಮೇಲೆ ಹಸಿರು ಹುಳು ಹರಿದ ಹಾಗೆ ಏನಾದರೂ ಕಾಣುತ್ತಿದೆಯಾ? ಕಂಡರೆ ನೀವು ನಮ್ಮ ಕಡೆಯವರು. ಬನ್ನಿ, ಕೂತುಕೊಳ್ಳಿ. ಕಾಲನ್ನು ಮಾತ್ರ ಎತ್ತರದಲ್ಲಿಟ್ಟುಕೊಳ್ಳಿ. ನಾನೂ ಈಗ ಹಾಗೆಯೇ ಇದ್ದೇನೆ. ಮಂಚದ ಕಾಲ್ದೆಸೆಯ ಅಡಿಗೆ ಇಟ್ಟಿಗೆ, ಮಂಚದ ಮೇಲೆ ದಿಂಬು, ದಿಂಬಿನ ಮೇಲೆ ನನ್ನ ಎರಡು ಕಾಲು, ಕೈಯಲ್ಲಿ ಫೋನು. ದಿನಕ್ಕೆ ಮೂರು ಸಲ, ಅರ್ಧರ್ಧ ಗಂಟೆ ಹೀಗೆ ಬಿದ್ದಿರಬೇಕು ಎಂದು ಡಾಕ್ಟರ ಆಜ್ಞೆ. ಸುಮ್ಮನೆ ಬಿದ್ದಿರುವುದು ನನ್ನಿಂದ ಆಗುವ ಕೆಲಸವಲ್ಲ. ಮೊದಮೊದಲು ಹತ್ತು ನಿಮಿಷಕ್ಕೇ ಎದ್ದು ಅಡುಗೆಮನೆಗೆ ಹೋಗಿ ಸೊಸೆಯ ಸಾರಿಗೆ ಉಪ್ಪು ಹಾಕಿ ಬರುತ್ತಿದ್ದೆ. ಅವಳು ಒಂದು ಸಲ ಹಾಕಿರುತ್ತಿದ್ದಳು, ಮೇಲೆ ನನ್ನದೂ ಬಿದ್ದರೆ ಕೇಳಬೇಕೆ? ಮೂರು ದಿನ ಸಹಿಸಿಕೊಂಡು ನಾಲ್ಕನೇ ದಿನ ಅವಳು ಫೋನು ತಂದು, ಅದರಲ್ಲಿ ಕನ್ನಡ ಒತ್ತುವುದನ್ನು ಕಲಿಸಿ, ನನ್ನನ್ನು ಮಂಚಕ್ಕೆ ಕಟ್ಟಿಹಾಕಿದಳು. ಒತ್ತಕ್ಷರ ಕಲಿಯಲು ಒಂದು ವಾರ ಬೇಕಾಯಿತು. ಅಂದಿನಿಂದ ಮನೆಯಲ್ಲಿ ಸಾರು ಹದವಾಗಿದೆ, ನನ್ನ ಬೆರಳು ಹಾರಾಡುತ್ತಿದೆ.

ನಮ್ಮೂರಿನಿಂದ ನೋಡಿದರೆ ಬೆಟ್ಟದಪುರದ ಬೆಟ್ಟ ಅಂಗೈಯಷ್ಟು ಕಾಣುತ್ತದೆ. ಮಳೆ ಹಿಡಿದರೆ ಸುತ್ತಲೂ ಹೊಗೆಸೊಪ್ಪಿನದೇ ಹಸಿರು. ಸೊಪ್ಪಿನ ಕೆಲಸ ಕಂಡಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬೆಳಗ್ಗೆ ಹೊಲದಿಂದ ಬಲಿತ ಎಲೆ ಮುರಿದು ತಂದು ಚಪ್ಪರದ ಕೆಳಗೆ ರಾಶಿ ಹಾಕುತ್ತಾರೆ. ಅಲ್ಲಿ ಎದೆಯೆತ್ತರದ ಎರಡೆರಡು ಕವೆಗೂಟ ನೆಟ್ಟು ಅವುಗಳ ಮೇಲೆ ಒಂದೊಂದು ಉದ್ದ ಕಡ್ಡಿಯನ್ನು ಅಡ್ಡ ಇಟ್ಟಿರುತ್ತೇವೆ. ಒಂದೊಂದು ಕಡ್ಡಿಯ ಮುಂದೆ ಒಬ್ಬೊಬ್ಬ ಹೆಂಗಸು ನಿಂತು, ಎರಡು ಮೂರು ಎಲೆಯ ತೊಟ್ಟು ಜೋಡಿಸಿ, ದಾರ ಸುತ್ತಿ, ಆ ಕಡೆಗೊಂದು ಈ ಕಡೆಗೊಂದು ಗೊಂಚಲು ಇಳಿಬಿಡುತ್ತಾ ಕಡ್ಡಿಯ ತುಂಬ ಕಟ್ಟಬೇಕು. ತುಂಬಿದ ಕಡ್ಡಿ ಬ್ಯಾರನ್ನಿಗೆ ಹೋಗುತ್ತದೆ. ಬ್ಯಾರನ್ ಎಂದರೆ ಸೊಪ್ಪು ಬೇಯಿಸುವ ಎತ್ತರದ ಮನೆ. ಒಳಗೆ ಸಾಲಿನ ಮೇಲೆ ಸಾಲು ಕಡ್ಡಿ ತೂಗುಹಾಕುತ್ತೇವೆ, ನೆಲದಲ್ಲಿ ಒಲೆಯ ಬಿಸಿ ಹರಿಯುವ ದಪ್ಪ ತಗಡಿನ ಪೈಪುಗಳಿರುತ್ತವೆ. ಇವತ್ತು ಮುರಿದ ಸೊಪ್ಪು ಇವತ್ತೇ ಒಳಗೆ ಹೋಗಬೇಕು. ಅದಕ್ಕೇ ನಮ್ಮಲ್ಲಿ ಹೆಂಗಸರೆಲ್ಲ ಮುಯ್ಯಾಳು. ಇವತ್ತು ನಮ್ಮ ಚಪ್ಪರಕ್ಕೆ ಅವರೆಲ್ಲ ಬಂದರೆ, ನಾಳೆ ಅವರ ಚಪ್ಪರಕ್ಕೆ ನಾವೆಲ್ಲ.

ಈ ಕೆಲಸಕ್ಕೊಂದು ಕಾನೂನಿತ್ತು. ಕಡ್ಡಿ ಮುಂದೆ ಕೂರಬಾರದು.

ಕಾನೂನು ಮಾಡಿದವರು ನನ್ನ ಅತ್ತೆ. ಅವರ ಕಾಲದಲ್ಲಿ ಒಂದು ಸಲ ಸಡಿಲ ಕಟ್ಟಿದ ಗೊಂಚಲೊಂದು ಜಾರಿ ಕಾದ ಪೈಪಿನ ಮೇಲೆ ಬಿದ್ದು, ಬ್ಯಾರನ್ನಿಗೆ ಬೆಂಕಿ ಹತ್ತಿ, ಒಂದು ಕೊಯ್ಲಿನ ಸೊಪ್ಪೆಲ್ಲ ಬೂದಿಯಾಗಿತ್ತಂತೆ. ಅವತ್ತು ಯಾರೋ ಒಬ್ಬಳು ಗೂಟ ತಗ್ಗಿಸಿಕೊಂಡು, ಕೂತು ಕಟ್ಟಿದ್ದಳಂತೆ. ಅಷ್ಟೇ. ಆ ಗೊಂಚಲು ಕಟ್ಟಿದವಳು ಅವಳೇ ಎಂದು ಯಾರು ಕಂಡರು? ಯಾರೂ ಕಾಣಲಿಲ್ಲ. ಆದರೆ ಕೂತು ಕಟ್ಟಿದ ಕಡ್ಡಿ ಜಾರುತ್ತದೆ ಎನ್ನುವುದು ಅವತ್ತಿನಿಂದ ಊರಿನ ಶಾಸ್ತ್ರವಾಗಿಬಿಟ್ಟಿತು. ಅತ್ತೆ ಹೋದ ಮೇಲೆ ಆ ಶಾಸ್ತ್ರಕ್ಕೆ ನಾನೇ ಪೊಲೀಸು. ನಾನು ಕಡ್ಡಿ ಕಟ್ಟುವ ರಭಸ ಹೇಗಿತ್ತೆಂದರೆ ಪಕ್ಕದವಳು ಎಲೆಯಡಿಕೆ ಹಾಕಿಕೊಂಡು ತಿರುಗುವಷ್ಟರಲ್ಲಿ ನನ್ನದು ಮುಗಿದಿರುತ್ತಿತ್ತು. ಚಪ್ಪರದ ಮೊದಲನೇ ಗೂಟ ನನ್ನದು, ಮಾತೂ ನನ್ನದು. ಯಾರ ಮನೆಯ ಎಮ್ಮೆ ಗಬ್ಬವಾಯಿತು, ಯಾರ ಮಗಳಿಗೆ ಹುಣಸೂರಿನಿಂದ ಗಂಡು ಬಂತು, ಎಲ್ಲವೂ ಆ ಮೊದಲನೇ ಗೂಟದಿಂದ ಹೊರಟು ಕೊನೆಯ ಗೂಟಕ್ಕೆ ಹೋಗಿ, ಬಣ್ಣ ಹಚ್ಚಿಕೊಂಡು ವಾಪಸ್ಸು ಬರುತ್ತಿತ್ತು.

ನನ್ನ ಸೊಸೆ ಮದುವೆಯಾಗಿ ಬಂದ ವರ್ಷ, ಪಾಪ, ಕಾಲು ನೊಂದಿರಬೇಕು, ಒಂದು ಕುಕ್ಕೆ ಬೋರಲು ಹಾಕಿಕೊಂಡು ಕೂತುಬಿಟ್ಟಳು. ನಾನು ಸುಮ್ಮನಿರುತ್ತೇನೆಯೆ?

"ಏನವ್ವ ಮಾರಾಣಿ, ದರ್ಬಾರು ಮಾಡಕ್ ಬಂದಿದ್ದೀಯಾ? ಏಳು ಮ್ಯಾಕೆ!" ಎಂದು ಕಾಲಿನಿಂದಲೇ ಕುಕ್ಕೆ ಸರಿಸಿದೆ. ಚಪ್ಪರವೆಲ್ಲ ಗೊಳ್ಳೆಂದಿತು. ಅವಳು ಎದ್ದು ನಿಂತಳು, ಮತ್ತೆ ಕೂರಲಿಲ್ಲ. ಈ ಕುಕ್ಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ನನ್ನ ಎಡಗಾಲಿನ ವಿಷಯಕ್ಕೆ ಬರುತ್ತೇನೆ. ಮೊದಲು ಸಂಜೆ ಹೊತ್ತಿಗೆ ಕಾಲು ಭಾರವಾಗುತ್ತಿತ್ತು. ಯಾರೋ ಒಳಗೆ ಮರಳು ತುಂಬಿದ ಹಾಗೆ. ಆಮೇಲೆ ಮೀನಖಂಡದಲ್ಲಿ ನೀಲಿ ನರ ಉಬ್ಬಿ ಅವರೆ ಬಳ್ಳಿಯ ಹಾಗೆ ಸುತ್ತಿಕೊಂಡಿತು. ನನಗೆ ಹೆದರಿಕೆಯಾಯಿತು ಎಂದುಕೊಂಡಿರಾ? ಜಂಬವಾಯಿತು! ಕುಸ್ತಿ ಆಡುವವರ ತೋಳಿನಲ್ಲಿ ನರ ಉಬ್ಬುವುದಿಲ್ಲವೆ, ಹಾಗೆ ನನಗೂ ಶಕ್ತಿ ಬಂದಿದೆ ಎಂದುಕೊಂಡೆ. ಕೇಳಿದವರಿಗೆಲ್ಲ ತೋರಿಸಿದೆ, ಕೇಳದವರಿಗೂ ತೋರಿಸಿದೆ. ಬರಬರುತ್ತಾ ಹರಡಿನ, ಅಂದರೆ ಪಾದದ ಗಿಣ್ಣಿನ, ಒಳಬದಿಯ ಚರ್ಮ ಕಪ್ಪಗಾಗಿ ನವೆ ಶುರುವಾಯಿತು. ಕೆರೆದೆ. ಕೈಗೆ ಸಿಕ್ಕಿದ್ದರಲ್ಲೆಲ್ಲ ಕೆರೆದೆ. ಅಲ್ಲೊಂದು ಹುಣ್ಣಾಯಿತು. ಅರಿಶಿನ ಹಚ್ಚಿದೆ, ಹರಳೆಣ್ಣೆ ಹಚ್ಚಿದೆ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ಅದು ಮಾಯುವ ಲಕ್ಷಣವೇ ಇಲ್ಲ. ಕೊನೆಗೆ ಸೊಸೆ ನನ್ನನ್ನು ಬಸ್ಸು ಹತ್ತಿಸಿ ಹುಣಸೂರಿಗೆ ಕರೆದುಕೊಂಡು ಹೋದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಲು ನೋಡಿದವಳೇ ಕೇಳಿದಳು:

"ಅಜ್ಜಿ, ಏನು ಕೆಲಸ ಮಾಡ್ತೀರಾ?"

"ನಿಂತ್ಕತೀನಿ ಕಣವ್ವ."

"ನಿಂತ್ಕೊಂಡು ಏನು ಮಾಡ್ತೀರಾ?"

"ಸೊಪ್ಪು ಕಟ್ತೀನಿ. ಬಾಯಲ್ಲಿ ಊರ್ನೋರ್ ಇಸ್ಯ ಕಟ್ತೀನಿ."

"ಎಷ್ಟು ಹೊತ್ತು?"

"ಬೆಳ್ಗಿಂದ ಬೈಗಿನ ಗಂಟ. ಉಣ್ಣಕ್ಕೆ ಮಾತ್ರ ಕೂರ್ತೀನಿ, ಅದೂ ಒಂದ್ ಗಳಿಗೆ."

ಅವಳು ನಗು ತಡೆದುಕೊಂಡು, "ನಿಮ್ಮ ಬಾವೀಲಿ ಪಂಪ್‌ಸೆಟ್ ಇದೆಯಾ?" ಎಂದಳು. ಕಾಲು ತೋರಿಸಲು ಬಂದರೆ ಇವಳು ಪಂಪ್‌ಸೆಟ್ ಕೇಳುತ್ತಾಳಲ್ಲ! ಇದೆ ಎಂದೆ. "ಪೈಪಿನ ತುದೀಲಿ ಫುಟ್‌ವಾಲ್ವ್ ಹಾಳಾದರೆ ಏನಾಗುತ್ತೆ?"

"ನೀರು ಮ್ಯಾಕ್ ಬರಾಕಿಲ್ಲ. ಬಂದುದ್ದೂ ಬುಳುಬುಳು ಅಂತ ಕೆಳೀಕ್ ಓಯ್ತದೆ."

"ನಿಮ್ಮ ಕಾಲಲ್ಲಿ ಅದೇ ಆಗಿರೋದು" ಎಂದಳು. ಎದೆಯಿಂದ ಕೆಳಗಿಳಿದ ರಕ್ತ ವಾಪಸ್ಸು ಮೇಲೆ ಹೋಗುವ ನಾಳದಲ್ಲಿ ಸಣ್ಣ ಸಣ್ಣ ಬಾಗಿಲುಗಳಿರುತ್ತವಂತೆ. ಮೇಲೆ ಹೋದದ್ದು ಕೆಳಗೆ ಬರದ ಹಾಗೆ ಮುಚ್ಚಿಕೊಳ್ಳುತ್ತವಂತೆ. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ದಬ್ಬುತ್ತದೆ, ಅದೇ ಮೋಟಾರು. ಒಂದೇ ಕಡೆ ಗೂಟದ ಹಾಗೆ ನಿಂತರೆ ಮೋಟಾರು ಬಂದ್. ನಿಂತ ರಕ್ತದ ಭಾರಕ್ಕೆ ನಾಳ ಹಿಗ್ಗುತ್ತದೆ, ಬಾಗಿಲು ಮುಚ್ಚದೆ ಸೋರುತ್ತದೆ, ನರ ಉಬ್ಬುತ್ತದೆ, ಚರ್ಮ ಕಪ್ಪಾಗುತ್ತದೆ, ಹುಣ್ಣಾಗುತ್ತದೆ. ಎಲ್ಲರಿಗೂ ಆಗಬೇಕೆಂದಿಲ್ಲ, ಕೆಲವರಿಗೆ ಹುಟ್ಟಿನಿಂದಲೇ ಬಾಗಿಲು ಬಡವಂತೆ, ಬಸುರು ಬಾಣಂತನದಲ್ಲಿ ಇನ್ನಷ್ಟು ಸೊರಗುತ್ತವಂತೆ. ನನ್ನ ಕುಸ್ತಿಯ ಜಂಬವೆಲ್ಲ ಅಲ್ಲೇ ಇಳಿಯಿತು.

"ಹುಣ್ಣು ಮಾಯುತ್ತೆ. ಕಟ್ಟು ಕಟ್ತೀನಿ, ಆಮೇಲೆ ಬಿಗಿ ಕಾಲುಚೀಲ ಕೊಡ್ತೀನಿ. ಆದರೆ ಈ ಸಲ ಸೊಪ್ಪಿನ ಕಾಲದಲ್ಲಿ ದಿನವಿಡೀ ನಿಂತರೆ ಅದು ಮತ್ತೆ ಬಾಯಿ ಬಿಡುತ್ತೆ. ಆಗ ಚಪ್ಪರದ ಕಡೆ ತಲೆ ಹಾಕೋದನ್ನೇ ಮರೀಬೇಕಾಗುತ್ತೆ."

"ಅಂಗಾದ್ರೆ ಏನ್ಮಾಡ್ಲಿ?"

"ಕೂತ್ಕೊಂಡು ಕಟ್ಟಿ. ಮಧ್ಯೆ ಮಧ್ಯೆ ಎದ್ದು ಓಡಾಡಿ."

ಕೂತುಕೊಂಡು! ಕಡ್ಡಿ ಮುಂದೆ! ನಾನು! ಪಕ್ಕದಲ್ಲಿ ಸೊಸೆ ಮುಖ ಆ ಕಡೆ ತಿರುಗಿಸಿಕೊಂಡಳು. ಅವಳ ಭುಜ ಕುಲುಕುತ್ತಿದ್ದುದು ನನಗೆ ಕಾಣಿಸಿತು.

ನಿಂತರೆ ಹುಣ್ಣು, ಕೂತರೆ ಮಾನಗೇಡು. ಎರಡೂ ಬೇಡ ಎಂದರೆ ಮನೆಯಲ್ಲಿರಬೇಕು. ಸೊಪ್ಪಿನ ಕಾಲದಲ್ಲಿ ಮನೆಯಲ್ಲಿ ಯಾರಿರುತ್ತಾರೆ? ಕೋಳಿ ಇರುತ್ತದೆ. ವರ್ಷದ ನಗುವೆಲ್ಲ ಆ ಚಪ್ಪರದ ಕೆಳಗೆ ಆಗುವಾಗ ನಾನು ಕೋಳಿಯ ಹತ್ತಿರ ಮಾತಾಡಿಕೊಂಡು ಇರಬೇಕೆ? ಮಳೆ ಬಂದು ಎಲೆ ಬಲಿಯುವ ಹೊತ್ತಿಗೆ ಕಾಲು ವಾಸಿಮಾಡಿಕೊಂಡು ಮೊದಲನೇ ಗೂಟಕ್ಕೆ ಹೋಗಿಯೇ ಹೋಗುತ್ತೇನೆ ಎಂದು ಬಸ್ಸಿನಲ್ಲೇ ಹಟ ತೊಟ್ಟೆ.

ವಾರ ವಾರ ಕಟ್ಟು ಬಿಚ್ಚಿ ಕಟ್ಟಿಸಿಕೊಂಡು ಬಂದೆ. ಯುಗಾದಿ ಕಳೆದು ಸೊಪ್ಪಿನ ಸಸಿ ಹೊಲಕ್ಕೆ ಹೋಗುವ ಹೊತ್ತಿಗೆ ಹುಣ್ಣು ಮುಚ್ಚಿತು. ಆಮೇಲೆ ಬಂತು ಕಾಲುಚೀಲ. ಅಬ್ಬಬ್ಬಾ! ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ, ಕಾಲು ಬಾತುಕೊಳ್ಳುವ ಮೊದಲೇ ಅದನ್ನು ಹಾಕಬೇಕು. ನಾನು ಮಂಚ ಹಿಡಿದುಕೊಳ್ಳುವುದು, ಸೊಸೆ ಗೋಡೆಗೆ ಕಾಲು ಕೊಟ್ಟು ಎಳೆಯುವುದು. ಹಸು ಈಯುವಾಗ ಕರು ಎಳೆಯುವವರೂ ಅಷ್ಟು ಕಷ್ಟಪಡುವುದಿಲ್ಲ. ಕೊನೆಗೆ ಅದು ಸರ್ರನೆ ಮೊಣಕಾಲಿಗೆ ಏರಿದಾಗ ಇಬ್ಬರೂ ಹಾಸಿಗೆಯ ಮೇಲೆ ಬಿದ್ದು ನಗುತ್ತಿದ್ದೆವು.

ಕಾಲುಚೀಲ ಬಂದದ್ದು ಜೋಡಿ. ಕೆಟ್ಟಿದ್ದು ನನ್ನ ಎಡಗಾಲು ಮಾತ್ರ. ಇನ್ನೊಂದು ಸುಮ್ಮನೆ ಗೋಡೆಯ ಗೂಟಕ್ಕೆ ನೇತಾಡುತ್ತಿತ್ತು. ಮುಯ್ಯಾಳಿನ ಊರಿನವಳು ನಾನು, ಒಂದು ವಸ್ತು ಸುಮ್ಮನೆ ನೇತಾಡಿದರೆ ನನಗೆ ನಿದ್ದೆ ಬರುವುದಿಲ್ಲ.

ಅದೇ ಹೊತ್ತಿಗೆ ನಮ್ಮ ಯಜಮಾನರ ಕಾಲಿಗೂ ಏನೋ ಆಗಿತ್ತು. ಮನೆಯಿಂದ ಟೀ ಅಂಗಡಿಗೆ ಹೋಗುವ ದಾರಿಯಲ್ಲಿ ಸಾಲಾಗಿ ಕರೆಂಟು ಕಂಬಗಳಿವೆ. ಈ ವರ್ಷ ಅವರು ಪ್ರತಿ ಕಂಬಕ್ಕೂ ನಿಲ್ಲತೊಡಗಿದರು. ನಿಂತು, ಎದುರಿಗೆ ಯಾರಿದ್ದಾರೋ ಅವರನ್ನು ಮಾತಾಡಿಸುವರು. ಮಗು ಹೇಗಿದೆ, ಮೇಕೆ ಹೇಗಿದೆ, ಮೋಟಾರು ರಿಪೇರಿಯಾಯಿತಾ? ಮದುವೆಯಾದಾಗಿನಿಂದ ನನ್ನ ಜೊತೆಯೇ ಲೆಕ್ಕ ಹಾಕಿ ಮಾತಾಡಿದ ಗಂಡಸು! "ವಯಸ್ಸಾಯ್ತಾ ಆಯ್ತಾ ನಿಮ್ಮೆಜಮಾನ್ರು ಏನ್ ಒಳ್ಳೇರಾಗ್ಬುಟ್ರಕ್ಕ" ಎಂದು ಕೇರಿಯವರು ಹೊಗಳಿದ್ದೇ ಹೊಗಳಿದ್ದು. ನಾನೂ ಬೀಗಿದೆ. ಒಂದು ದಿನ ಹಿಂದೆಯೇ ಹೋಗಿ ನೋಡಿದರೆ, ನಾಲ್ಕನೇ ಕಂಬದ ಹತ್ತಿರ ಯಾರೂ ಇರಲಿಲ್ಲ, ಇವರು ಒಂದು ಕರುವನ್ನು ಮಾತಾಡಿಸುತ್ತಾ ನಿಂತಿದ್ದರು.

"ಏನ್ರೀ ಇದು?"

"ಮೀನ್‌ಖಂಡ ಇಂಡ್ದಂಗಾಯ್ತದೆ ಕಣಮ್ಮಿ. ಒಂದ್ ಗಳಿಗೆ ನಿಂತ್ರೆ ಸರಿಯಾಯ್ತದೆ. ಸುಮ್ಕೆ ನಿಂತ್ರೆ ಜನ ಏನಂದಾರು, ಅದ್ಕೇ ಮಾತಾಡುಸ್ತೀನಿ."

ಕಾಲು ನೋವು ತಾನೆ, ನನ್ನ ಹತ್ತಿರ ಮದ್ದಿದೆಯಲ್ಲ! ಮಾರನೇ ಬೆಳಗ್ಗೆ ಅವರನ್ನು ಮಂಚದ ಮೇಲೆ ಕೆಡವಿ, ಉಳಿದಿದ್ದ ಒಂದು ಕಾಲುಚೀಲವನ್ನು ಅವರ ಬಲಗಾಲಿಗೆ ಏರಿಸಿಯೇಬಿಟ್ಟೆ. ಎಡಕ್ಕೆ ನಾನು, ಬಲಕ್ಕೆ ಅವರು. ಅಂಗಳದಲ್ಲಿ ಅಕ್ಕಪಕ್ಕ ನಿಂತರೆ ಇಬ್ಬರೂ ಸೇರಿ ಒಬ್ಬ ಪೂರಾ ಮನುಷ್ಯ! ಸೊಸೆ ಫೋಟೋ ತೆಗೆದಳು. ಮಧ್ಯಾಹ್ನದ ಹೊತ್ತಿಗೆ ಯಜಮಾನರು ಹಲ್ಲು ಕಚ್ಚಿ ನರಳತೊಡಗಿದರು. ಕಾಲುಚೀಲ ಎಳೆದು ತೆಗೆದು ನೋಡಿದರೆ ಬೆರಳು ತಣ್ಣಗೆ, ಬೂದಿ ಬಣ್ಣ. ನನ್ನ ನಗು ಅಲ್ಲಿಗೇ ನಿಂತಿತು. ಆಟೋ ಮಾಡಿಸಿಕೊಂಡು ಹುಣಸೂರಿಗೆ ಓಡಿದೆವು.

ಡಾಕ್ಟರಮ್ಮ ಅವತ್ತು ನನಗೆ ಬೈದ ಹಾಗೆ ನನ್ನ ಅತ್ತೆಯೂ ಬೈದಿರಲಿಲ್ಲ. "ಬೇರೆ ಯಾರಿಗೂ ಹಾಕಬೇಡಿ ಅಂತ ಹೇಳಿರಲಿಲ್ವಾ ಅಜ್ಜಿ?" ಹೇಳಿದ್ದಳು. ಯಜಮಾನರು ಬೇರೆಯವರಾಗುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ. ಅವಳು ಒಂದು ಪುಟ್ಟ ಮಿಷನ್ನು ತಂದು ನನ್ನ ಪಾದದ ಮೇಲಿಟ್ಟಳು. ಶುಯ್ ಶುಯ್ ಎಂದು ಗಟ್ಟಿಯಾಗಿ ಸದ್ದು ಬಂತು. ಯಜಮಾನರ ಪಾದದ ಮೇಲಿಟ್ಟರೆ ಗೋಡೆಯಾಚೆ ಯಾರೋ ಪಿಸುಗುಟ್ಟಿದ ಹಾಗೆ, ಇದೆಯೋ ಇಲ್ಲವೋ ಎನ್ನುವಂತೆ. ನನ್ನದು ರಕ್ತ ಮೇಲೆ ಹೋಗುವ ನಾಳದ ಕಾಯಿಲೆ, ಅವರದು ರಕ್ತ ಕೆಳಗೆ ಬರುವ ನಾಳದ ಕಾಯಿಲೆ. ಒಳಗೆ ಕಟ್ಟಿಕೊಂಡು ದಾರಿ ಕಿರಿದಾಗಿದೆ. ಮೊದಲೇ ಬಾರದ ರಕ್ತವನ್ನು ನಾನು ಹೊರಗಿನಿಂದ ಬೇರೆ ಬಿಗಿದಿದ್ದೆ.

ಯಜಮಾನರಿಗೆ ತಕ್ಷಣ ಅರ್ಥವಾಯಿತು. "ಅಂದ್ರೆ ಬ್ಯಾರನ್ ಪೈಪಲ್ಲಿ ಮಸಿ ಕಟ್ಕತದಲ್ಲ, ಅಂಗೆ ಅನ್ನಿ."

"ಮಸಿ ಅಲ್ಲ ತಾತ, ಕೊಬ್ಬು. ಆದರೆ ಅದು ಕಟ್ಟೋಕೆ ನಿಮ್ಮ ಬೀಡಿ ಹೊಗೆಯೇ ದೊಡ್ಡ ಕಾರಣ. ದಿನಕ್ಕೆಷ್ಟು?"

ಅವರು ನನ್ನ ಮುಖ ನೋಡಿದರು. ಬ್ಯಾರನ್ನಿನ ಒಲೆ ಮುಂದೆ ಗಿಡ್ಡ ಮಣೆ ಹಾಕಿಕೊಂಡು, ಸೌದೆ ತಳ್ಳುತ್ತಾ, ಉರಿ ನೋಡುತ್ತಾ, ಬೀಡಿಯ ತುದಿಯಿಂದ ಬೀಡಿ ಹಚ್ಚುತ್ತಾ ಕೂತೇ ಅವರು ಮುದುಕರಾದದ್ದು. ನನಗೆ ಕೂರಲು ಬಿಡದ ಕೆಲಸ, ಅವರಿಗೆ ಏಳಲು ಬಿಡದ ಕೆಲಸ. ಎರಡೂ ಒಂದೇ ಸೊಪ್ಪಿನದು.

"ಬೀಡಿ ಇವತ್ತೇ ಬಿಡಿ. ಮಾತ್ರೆ ತಪ್ಪಿಸಬೇಡಿ. ದಿನಾ ನಡೀರಿ. ನೋವು ಬಂದಾಗ ನಿಲ್ಲಿ, ಹೋದ ಮೇಲೆ ಮತ್ತೆ ನಡೀರಿ. ಸರಿಯಾದ ಹೊತ್ತಿಗೆ ಬಂದಿದ್ದೀರಾ, ಬೆರಳಿಗೆ ಏನೂ ಆಗಿಲ್ಲ."

ನನ್ನ ಉಸಿರು ವಾಪಸ್ಸು ಬಂತು. ಉಸಿರು ಬಂದ ಮೇಲೆ ನಾಲಿಗೆಯೂ ಬಂತು. "ಬೈಲಕುಪ್ಪೆ ಟಿಬೆಟ್ ಅಜ್ಜೀರು ಮಣಿ ತಿರುಗಿಸ್ಕಂಡು ದೇವಸ್ಥಾನ ಸುತ್ತಾಕಾಕಿಲ್ವಾ? ನೀವೂ ಬೀಡಿ ಬುಟ್ಟು ಮಣಿ ಇಡ್ಕಳಿ" ಎಂದೆ.

"ನೀನು ಸುಮ್ಕಿರಮ್ಮಿ, ನಿನ್ ಚೀಲದಿಂದ ನನ್ ಕಾಲೇ ಓಯ್ತಿತ್ತು" ಎಂದರು. ಸುಮ್ಮನಾದೆ. ಬಸ್ ಸ್ಟ್ಯಾಂಡಿನವರೆಗೆ.

ಅವತ್ತಿನಿಂದ ನಮ್ಮ ಮಂಚ ಬೇರೆ ಬೇರೆ. ನನ್ನ ಕಾಲ್ದೆಸೆ ಎತ್ತರದಲ್ಲಿರಬೇಕು, ಅವರಿಗೆ ಕಾಲು ಎತ್ತಿದರೆ ನೋವು. ಒಂದೇ ಮಂಚದಲ್ಲಿ ಇದನ್ನು ಮಾಡುವ ಬಡಗಿ ಇನ್ನೂ ಹುಟ್ಟಿಲ್ಲ. ಇಷ್ಟು ವರ್ಷ ಯಾವ ಜಗಳಕ್ಕೂ ಬೇರೆಯಾಗದವರು ಎರಡು ಇಟ್ಟಿಗೆಗೆ ಬೇರೆಯಾದೆವು.

ಮಳೆ ಬಂತು, ಸೊಪ್ಪು ಬಂತು. ಮೊದಲ ಕೊಯ್ಲಿನ ದಿನ ಬೆಳಗ್ಗೆಯೇ ಕಾಲುಚೀಲ ಏರಿಸಿ, ಮೇಲೆ ಸೀರೆ ಇಳಿಬಿಟ್ಟು, ಮೊದಲನೇ ಗೂಟದ ಮುಂದೆ ನಿಂತೆ. ಮುಯ್ಯಾಳುಗಳೆಲ್ಲ ಬಂದಿದ್ದರು. ಕೂರುವ ಮಾತೇ ಎತ್ತಲಿಲ್ಲ. ಆದರೆ ಹೆದರಿಕೆಯೂ ಇತ್ತಲ್ಲ, ಅದಕ್ಕೆ ಕಳ್ಳ ದಾರಿ ಹುಡುಕಿದೆ. ಅರ್ಧ ಕಡ್ಡಿ ಕಟ್ಟಿ ನೀರು ಕುಡಿಯಲು ಹೋಗುವುದು. ಇನ್ನರ್ಧ ಕಟ್ಟಿ, ಇಲ್ಲದ ನಾಯಿಯನ್ನು ಓಡಿಸಲು ಹೋಗುವುದು. ಮೀನಖಂಡದ ಮೋಟಾರು ಹಾಗಾದರೂ ಓಡಲಿ ಎಂದು.

ಪಕ್ಕದ ಗೂಟದವಳು ನನ್ನ ಜೊತೆಗಾತಿ, ಹೆಗ್ಗಡದೇವನಕೋಟೆ ಕಡೆಯಿಂದ ಈ ಊರಿಗೆ ಬಂದವಳು. "ಏನಮ್ಮಿ, ಇವತ್ತು ಅಂಡಿಗೆ ಇರುವೆ ಕಚ್ತಾ? ಒಂದ್ ಕಡೆ ನಿಲ್ಲಾಕಿಲ್ವಲ್ಲ!" ಎಂದಳು.

"ನಾಯಿ ಬಂತು ಕಣೆ."

"ಎಲ್ಲವ್ವ ನಾಯಿ? ಇರೋ ಒಂದ್ ನಾಯಿ ನನ್ ಕಾಲ್ ಕೆಳಗೆ ಮನೀಕಂಡದೆ!"

ಚಪ್ಪರ ಗೊಳ್ಳೆಂದಿತು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ನನ್ನ ಹರಡು ಭಾರವಾಗತೊಡಗಿತು. ಹಳೆಯ ಹುಣ್ಣಿನ ಜಾಗ ಚುರುಚುರು ಎನ್ನತೊಡಗಿತು. ಇನ್ನೊಂದು ಕಡ್ಡಿ, ಇನ್ನೊಂದೇ ಕಡ್ಡಿ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಆಗ ನನ್ನ ಮುಂದಿದ್ದ ಸೊಸೆ ಬಿದ್ದ ದಾರದುಂಡೆ ತೆಗೆಯಲು ಬಗ್ಗಿದಳು. ಸೀರೆ ಎತ್ತಿ ಸಿಕ್ಕಿಸಿದ್ದಳು. ಮೊಣಕಾಲಿನ ಹಿಂದೆ ನೀಲಿ ಗಂಟು. ಅಲ್ಲಿಂದ ಕೆಳಕ್ಕೆ ಎಳೆಯ ಅವರೆ ಬಳ್ಳಿ.

ನನ್ನ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು.

"ಯಾವಾಗಿಂದ ಮಗ ಇದು?"

ಅವಳು ಸೀರೆ ಇಳಿಸಿಕೊಂಡಳು. "ಮೊದುಲ್ನೇ ಬಸ್ರಿಯಿಂದ್ಲೂ ಅದೆ ಬುಡಿ."

"ಯಾಕೆ ಯೋಳ್ನಿಲ್ಲ?"

"ಯೋಳಿದ್ರೆ ಕೂರುಸ್ತಿದ್ರಾ?"

ಅವಳ ದನಿಯಲ್ಲಿ ಕೋಪವಿರಲಿಲ್ಲ, ನಗುನಗುತ್ತಲೇ ಕೇಳಿದಳು. ಅದಕ್ಕೇ ಅದು ಹೆಚ್ಚು ತಾಗಿತು. ಪ್ರತಿ ಬೆಳಗ್ಗೆ ಗೋಡೆಗೆ ಕಾಲು ಕೊಟ್ಟು ನನಗೆ ಕಾಲುಚೀಲ ಏರಿಸಿದವಳು, ಡಾಕ್ಟರು ಹೇಳಿದ್ದನ್ನೆಲ್ಲ ಪಕ್ಕದಲ್ಲೇ ನಿಂತು ಕೇಳಿದವಳು, ತನ್ನ ಕಾಲನ್ನು ಒಂದು ದಿನವೂ ತೋರಿಸಿರಲಿಲ್ಲ. ನನಗೆ ಆ ಕುಕ್ಕೆ ನೆನಪಾಯಿತು.

ನಾನು ದಾರ ಕೆಳಗಿಟ್ಟೆ. "ಎಲ್ರೂ ಸೀರೆ ಎತ್ರಮ್ಮಿ!" ಎಂದೆ.

"ಅಯ್ಯೋ, ಬುದ್ಧಿ ಕೆಡ್ತಾ ಇವಳ್ಗೆ!"

"ಮೊಣಕಾಲ್ ಗಂಟ ಸಾಕು, ಮ್ಯಾಕ್ ನಂಗ್ ಬ್ಯಾಡ. ಎತ್ರಿ!"

ಮೊದಲು ನಾನೇ ಎತ್ತಿದೆ, ಕಾಲುಚೀಲ ಸಮೇತ ಎಲ್ಲವನ್ನೂ ತೋರಿಸಿದೆ. ಅದನ್ನು ನೋಡಿ ಕೋಟೆಯವಳು ಎತ್ತಿದಳು. ಆಮೇಲೆ ಕೆ.ಆರ್. ನಗರದ ಹೆಣ್ಣು. ಆಮೇಲೆ ಸಾಲಿಗೆ ಸಾಲೇ. ಸೊಪ್ಪಿನ ರಾಶಿಯ ಸುತ್ತ ಹೆಂಗಸರು, ಅಷ್ಟೂ ಜನರ ಸೀರೆ ಮೊಣಕಾಲಿಗೆ! ನಾನು ಕೈ ಹಿಂದೆ ಕಟ್ಟಿಕೊಂಡು, ತಪಾಸಣೆಗೆ ಬಂದ ಸಾಹೇಬರ ಹಾಗೆ ಒಂದೊಂದೇ ಕಾಲು ನೋಡುತ್ತಾ ನಡೆದೆ. ಚಿಕ್ಕವರಲ್ಲಿ ಕೆಲವರ ಕಾಲು ಬಾಳೆದಿಂಡಿನ ಹಾಗೆ ನುಣ್ಣಗಿತ್ತು. ಉಳಿದವರದು?

"ಓಹೋ, ಇಲ್ ನೋಡ್ರಮ್ಮಿ, ಕೋಟೆಯೋಳ್ ಕಾಲಲ್ಲಿ ಕಪಿಲೆ ಅರೀತಾವ್ಳೆ!"

"ಅಂಗಾರೆ ನಿಂದೇನು?"

"ನಾನು ಹುಣಸೂರ್ ಕಡೆ ಹೆಣ್ಣು, ನಂದು ಲಕ್ಷ್ಮಣತೀರ್ಥ. ಕೆ.ಆರ್. ನಗ್ರದೋಳ್ದು ಕಾವೇರಿ, ಎರಡೂ ಕಾಲಲ್ಲೂ ತುಂಬಿ ಅರೀತದೆ!"

"ನಿಮ್ ಸೊಸೆದು?"

"ಅವಳ್ದು ಈಗ ತೋಡಿರೋ ನಾಲೆ. ಇನ್ನೂ ಕಟ್ಟೆ ಹಾಕ್ಬೌದು."

ನಕ್ಕು ನಕ್ಕು ಒಬ್ಬಳು ಸೊಪ್ಪಿನ ರಾಶಿಯ ಮೇಲೆಯೇ ಉರುಳಿದಳು. ಅಷ್ಟರಲ್ಲಿ ಯಜಮಾನರು ಎಲ್ಲರಿಗೂ ಟೀ ತುಂಬಿದ ಕ್ಯಾನು ಹಿಡಿದುಕೊಂಡು ಚಪ್ಪರಕ್ಕೆ ಕಾಲಿಟ್ಟರು. ಸೀರೆ ಎತ್ತಿದ ಅಷ್ಟೂ ಹೆಂಗಸರನ್ನು ನೋಡಿದರು. ಕ್ಯಾನು ಅಲ್ಲೇ ಕುಕ್ಕಿ, ತಿರುಗಿ, ನಡೆದರು ನೋಡಿ! ಅವತ್ತು ಮೂರು ಕಂಬ ನಿಲ್ಲದೆ ದಾಟಿದರಂತೆ. ಡಾಕ್ಟರ ಮಾತ್ರೆಯೂ ಅವರನ್ನು ಅಷ್ಟು ದೂರ ನಡೆಸಿರಲಿಲ್ಲ.

ಟೀ ಕುಡಿಯುತ್ತಾ ನಾನು ಪಂಪ್‌ಸೆಟ್ಟಿನ ಕತೆಯನ್ನೆಲ್ಲ ಹೇಳಿದೆ. ಆಮೇಲೆ, "ಇವತ್ತಿಂದ ಗೂಟ ತಗ್ಗಿಸ್ತೀನಿ. ಕೂತ್ಕಂಡ್ ಕಟ್ಟಾನ" ಎಂದೆ.

ನಗು ನಿಂತಿತು. ಕೋಟೆಯವಳು ಲೋಟ ಕೆಳಗಿಟ್ಟಳು. "ಕೂತು ಕಟ್ಟಿದ್ ಕಡ್ಡಿ ಜಾರ್ತದೆ ಅಂತಿದ್ದೋಳು ನೀನೆ ಅಲ್ವೇನೆ? ಗೊಂಚ್ಲು ಪೈಪಿನ್ ಮ್ಯಾಲೆ ಬಿದ್ದು ಬ್ಯಾರನ್ ಉರ್ದೋದ್ರೆ?"

"ನಂದೇ ಬ್ಯಾರನ್ನು. ನನ್ ಕಡ್ಡೀನೇ ಮೊದ್ಲು ಆಕಾನ."

ಗಾರೆ ಕೆಲಸದವರ ಹಾಗೆ ಗೂಟ ಕಿತ್ತು, ಕುಳಿ ಆಳ ಮಾಡಿ, ನೆಟ್ಟಗೆ ನೆಟ್ಟೆವು. ನನ್ನದೊಂದೇ ಜೋಡಿ. ಉಳಿದವರು ನೋಡೋಣ ಎಂದು ನಿಂತೇ ಕಟ್ಟಿದರು. ಕುಕ್ಕೆ ಬೋರಲು ಹಾಕಿ ನಾನು ಕೂತೆ. ಮೈಯೆಲ್ಲ ನಾಚಿಕೆ, ನಮ್ಮ ಅತ್ತೆ ಎಲ್ಲಿಂದಲೋ ನೋಡುತ್ತಿದ್ದಾರೆ ಎಂದು ಬೆನ್ನು ಬೆವರಿತು. ಆದರೆ ಕೈಗೆ ಏನು ಗೊತ್ತು ನಾಚಿಕೆ? ಹತ್ತು ಗೊಂಚಲು ಕಟ್ಟುವಷ್ಟರಲ್ಲಿ ತನ್ನ ಹಳೆಯ ಓಟಕ್ಕೆ ಬಿತ್ತು. ನಾನು ಕೂತು ಕಟ್ಟಿದ ಪ್ರತಿ ಕಡ್ಡಿಯ ತುದಿಗೆ ಗುರುತಿಗೆಂದು ಹಳೇ ಕೆಂಪು ರವಿಕೆಯ ಚಿಂದಿ ಕಟ್ಟಿ, ಎಲ್ಲವನ್ನೂ ಕೆಳಗಿನ ಸಾಲಿಗೆ, ಪೈಪಿಗೆ ಹತ್ತಿರದಲ್ಲೇ ತೂಗುಹಾಕಿಸಿದೆ. ಬಿದ್ದರೆ ಮೊದಲು ನನ್ನದೇ ಬೀಳಲಿ.

ಯಜಮಾನರು ಬೆಂಕಿ ಹಾಕಿದರು. ಬೀಡಿ ಇಲ್ಲದ ಬಾಯಿಗೆ ಒಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದರು. ಮಣೆ ಬಿಟ್ಟು ಆಗಾಗ ಎದ್ದು ಬ್ಯಾರನ್ ಸುತ್ತ ಒಂದು ಸುತ್ತು ಹಾಕುತ್ತಿದ್ದರು. ಸೊಪ್ಪು ಬೆಂದು ಹೊಂಬಣ್ಣಕ್ಕೆ ಬರುವಷ್ಟು ದಿನವೂ ನನಗೆ ಅನ್ನ ರುಚಿಸಲಿಲ್ಲ. ಗಳಿಗೆಗೊಮ್ಮೆ ಬ್ಯಾರನ್ನಿನ ಕಂಡಿಯಲ್ಲಿ ಮೂಗಿಟ್ಟು ಸುಟ್ಟ ವಾಸನೆ ಬರುತ್ತದೆಯಾ ಎಂದು ನೋಡುವುದು. ಒಂದು ಗೊಂಚಲು ಜಾರಿದ್ದರೆ ಸಾಕಿತ್ತು, ಆ ಚಪ್ಪರದಲ್ಲಿ ಇನ್ನು ನೂರು ವರ್ಷ ಯಾವ ಹೆಂಗಸೂ ಕೂರುತ್ತಿರಲಿಲ್ಲ, ನಾನು ಕೋಳಿಯ ಹತ್ತಿರ ಕೂರುತ್ತಿದ್ದೆ.

ಬಾಗಿಲು ತೆಗೆದ ದಿನ ಎಲ್ಲರೂ ಬಂದಿದ್ದರು. ಕೋಟೆಯವಳೇ ಮೊದಲು ನುಗ್ಗಿ ಕೆಂಪು ಚಿಂದಿಯ ಕಡ್ಡಿ ಒಂದೊಂದನ್ನೇ ಎಳೆದಾಡಿ ನೋಡಿದಳು. ಒಂದು ಎಲೆಯೂ ಕದಲಿರಲಿಲ್ಲ. ಪೈಪಿನ ಪಕ್ಕದ ನೆಲದ ಮೇಲೆ, ಪುಣ್ಯಕ್ಕೆ ಪೈಪು ತಪ್ಪಿಸಿ, ಒಂದು ಗೊಂಚಲು ಬಿದ್ದಿತ್ತು. ಮೇಲೆ ನೋಡಿದರೆ ಖಾಲಿ ಜಾಗ ಇದ್ದದ್ದು ಅವಳದೇ ಕಡ್ಡಿಯಲ್ಲಿ.

"ನಿಂತು ಕಟ್ಟಿದ್ದು ಕಣಮ್ಮಿ ಅದು" ಎಂದೆ, ಬಹಳ ವಿನಯವಾಗಿ.

ಅವಳು ಆ ಗೊಂಚಲಿನಿಂದಲೇ ನನ್ನ ಬೆನ್ನಿಗೆ ಹೊಡೆದಳು.

ಮುಂದಿನ ಕೊಯ್ಲಿಗೆ ಎಲ್ಲ ಗೂಟವೂ ತಗ್ಗಿತು. ಬೇರೆಯವರ ಚಪ್ಪರಕ್ಕೂ ಆ ಗೂಟ ಹೋಯಿತು. ಈಗ ನಮ್ಮ ಕಾನೂನು ಬೇರೆ: ಎರಡು ಕಡ್ಡಿ ಕೂತು, ಒಂದು ಕಡ್ಡಿ ನಿಂತು, ತುಂಬಿದ ಕಡ್ಡಿಯನ್ನು ಅವರವರೇ ಬ್ಯಾರನ್ನಿನವರೆಗೆ ಹೊತ್ತು ನಡೆಯಬೇಕು. ಸೊಸೆಯನ್ನು ಹುಣಸೂರಿಗೆ ನಾನೇ ಕರೆದುಕೊಂಡು ಹೋದೆ. ಅವಳ ಅಳತೆಗೆ ಬೇರೆ ಕಾಲುಚೀಲ ಬಂದಿದೆ. ಈಗ ಬೆಳಗ್ಗೆ ಮೊದಲು ಅವಳು ನನ್ನದನ್ನು ಎಳೆಯುತ್ತಾಳೆ, ಆಮೇಲೆ ನಾನು ಅವಳದನ್ನು. ಅದೂ ಮುಯ್ಯಾಳೇ. ಸೊಪ್ಪಿನ ಕಾಲ ಮುಗಿಯುತ್ತಾ ಬಂತು, ನನ್ನ ಹುಣ್ಣು ಬಾಯಿ ಬಿಟ್ಟಿಲ್ಲ, ನಾನು ಮಾತ್ರ ಬಿಟ್ಟಿದ್ದೇನೆ.

ಆದರೂ ಹಳೆಯ ಪೊಲೀಸು ಅಷ್ಟು ಬೇಗ ಸಾಯುತ್ತದೆಯೆ? ನೆನ್ನೆ ಕಡೆಯ ಕೊಯ್ಲಿನ ಸೊಪ್ಪು ಕಟ್ಟುತ್ತಿದ್ದೆವು. ತಲೆಯೆತ್ತಿ ನೋಡುತ್ತೇನೆ, ನನ್ನ ಸೊಸೆ ಒಂದು ಕುಕ್ಕೆಯ ಮೇಲೆ ತಾನು, ಇನ್ನೊಂದು ಕುಕ್ಕೆಯ ಮೇಲೆ ತನ್ನ ಎರಡೂ ಕಾಲು ಇಟ್ಟುಕೊಂಡು, ಹುರಿದ ಕಡಲೆಕಾಯಿ ಬಿಡಿಸಿ ಬಾಯಿಗೆ ಎಸೆದುಕೊಳ್ಳುತ್ತಿದ್ದಾಳೆ. ನನ್ನ ನಾಲಿಗೆ ನನ್ನನ್ನು ಕೇಳದೆಯೇ ಓಡಿತು.

"ಏನವ್ವ ಮಾರಾಣಿ, ದರ್ಬಾರು ಮಾಡಕ್ ಬಂದಿದ್ದೀಯಾ?"

ಚಪ್ಪರವೆಲ್ಲ ಕೈ ನಿಲ್ಲಿಸಿ ಅವಳತ್ತ ನೋಡಿತು. ಅವಳು ಕಾಲು ಇಳಿಸಲಿಲ್ಲ. ಇನ್ನೊಂದು ಕಡಲೆಕಾಯಿ ಬಿಡಿಸಿದಳು.

"ಸೊಸೆಗೆ ಅಂತ ನಿಮ್ ಕಿವಿ ಓಲೆ ಕೊಡಿ ಅತ್ತೆ, ಬ್ಯಾಡ ಅನ್ನಾಕಿಲ್ಲ. ನಿಮ್ ಕಾಲ್ ಮಾತ್ರ ನೀವೇ ಮಡಿಕ್ಕಳಿ!"